ಸಾಹೇಬರ ಮೇಲಿನ ಅಪವಾದ

"ನಿಮ್ಮ ಬೆಕ್ಕು ನನ್ನ ಮದುಮಗನನ್ನ ತಿಂದುಹಾಕಿದೆ ಕಣ್ರೀ!"

ಕಾಂಪೌಂಡ್ ಗೋಡೆಯ ಆಚೆ ಹಲ್ಲುಜ್ಜುತ್ತಿದ್ದವನು ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನಿಂತುಬಿಟ್ಟ. ಅವನು ಆ ಮನೆಗೆ ಬಾಡಿಗೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಅವನೊಂದಿಗೆ ಆಡಿದ ಮೊದಲ ಮಾತೇ ಇದು.

"ಮದುಮಗ ಅಂದ್ರೆ... ಮನುಷ್ಯನಾ?"

"ಹಕ್ಕಿ! ಕೆಂಪು ರಾಟವಾಳ. ಗುಬ್ಬಿಗಿಂತ ಚಿಕ್ಕದು. ಮೈಯೆಲ್ಲ ಕೆಂಪು, ಮೇಲೆ ಬಿಳಿ ಚುಕ್ಕಿ, ಎಡಗಾಲಿನ ಒಂದು ಬೆರಳು ಸೊಟ್ಟ. ದಿನಾ ನವಣೆ ತಿನ್ನೋಕೆ ಬರ್ತಿತ್ತು, ಈಗ ಕಾಣ್ತಾನೇ ಇಲ್ಲ."

ಮೆಟ್ಟಿಲ ಮೇಲೆ ಬೆಕ್ಕು ಮಲಗಿತ್ತು. ಅದರ ಹೆಸರು ಸಾಹೇಬರು. ಅವನು ಅದನ್ನೊಮ್ಮೆ, ಸಿಟ್ಟಿಗೆ ಕೆಂಪಾಗಿದ್ದ ಅವಳ ಮುಖವನ್ನೊಮ್ಮೆ ನೋಡಿದ. ಏನೋ ಹೇಳಹೊರಟು ನುಂಗಿಕೊಂಡ.

"ತಪ್ಪಾಯ್ತು. ಇನ್ಮೇಲೆ ಸಾಹೇಬರು ಮನೆಯೊಳಗೇ ಇರ್ತಾರೆ. ಆದ್ರೆ ನಿಮ್ಮ ಮದುಮಗ ಬದುಕಿದ್ರೂ ಬದುಕಿರಬಹುದು. ಬೆಳಿಗ್ಗೆ ಬಂದು ನಾನೂ ಹುಡುಕಲಾ?"

ಜಗಳಕ್ಕೆ ಸೆರಗು ಕಟ್ಟಿ ಬಂದಿದ್ದವಳು "ಬನ್ನಿ" ಎಂದುಬಿಟ್ಟಳು.

ಅವನು ಬಂದ. ಮರುದಿನವೂ ಬಂದ. ತನ್ನ ಅಂಗಳದ ಒಗೆಯುವ ಕಲ್ಲಿನ ಮೇಲೆ ಅವಳು ನವಣೆಯ ತಟ್ಟೆ ಇಟ್ಟರೆ, ಅವನು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಡಾಕ್ಟರುಗಳು ಕಳಿಸಿದ ಅಳತೆಗೆ ಹಲ್ಲಿನ ಸೆಟ್ ಮಾಡುವುದು ಅವನ ಕೆಲಸ. ಅವಳ ಕೈಯಲ್ಲಿನ ಬಿಳಿ ಬಟ್ಟೆ ನೋಡಿ ಇದು ಹಾಲಿನ ಬಿಳಿ, ಇದು ದಂತದ ಬಿಳಿ ಎಂದು ಹೇಳಬಲ್ಲ. ಹಕ್ಕಿಯ ವಿಷಯದಲ್ಲಿ ಮಾತ್ರ ಶುದ್ಧ ದಡ್ಡ.

"ಅಗೋ, ರಾಟವಾಳ!"

"ಅದು ಗುಬ್ಬಿ."

"ಇದು?"

"ಹೊಟ್ಟೆ ಮೇಲೆ ಮೀನಿನ ಹುರುಪೆ ಥರ ಇದೆಯಲ್ಲ, ಇದು ಚುಕ್ಕೆ ರಾಟವಾಳ. ನೀವು ನೋಡೋದು ಎಲ್ಲಿ? ಹಕ್ಕಿ ಇರೋದು ಆ ಕಡೆ."

ಅವನು ನೋಡುತ್ತಿದ್ದುದು ಅವಳ ಕಿವಿಯ ಹಿಂದೆ ಸಿಕ್ಕಿಸಿಕೊಂಡ ಗುಂಡುಸೂಜಿಯನ್ನು. ಸಿಕ್ಕಿಬಿದ್ದು ನಕ್ಕ. ಅವಳು ನಗಲಿಲ್ಲ; ಆದರೆ ಒಳಗೆ ಹೋದ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಒಬ್ಬಳೇ ನಕ್ಕಳು.

ಹೀಗೇ ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ, ಅವನಿನ್ನೂ ಬಂದಿರಲಿಲ್ಲ, ಕಂದು ಬಣ್ಣದ ಪುಟ್ಟ ಹಕ್ಕಿಯೊಂದು ತಟ್ಟೆಯ ಅಂಚಿಗೆ ಬಂದು ಕೂತಿತು. ದಿನವೂ ಬರುವ ಸಪ್ಪೆ ಹಕ್ಕಿಗಳಲ್ಲಿ ಅದೂ ಒಂದು. ಆದರೆ ಇವತ್ತು ಅದರ ಎದೆಯ ಮೇಲೆ ಕೆಂಪು ತೇಪೆ ಹಾಕಿದಂತೆ ಕಾಣುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಬಗ್ಗಿದಳು. ಎಡಗಾಲು. ಸೊಟ್ಟ ಬೆರಳು.

ಮದುಮಗ ಎಲ್ಲಿಗೂ ಹೋಗಿರಲಿಲ್ಲ. ಮರಿ ಮಾಡುವ ಋತು ಮುಗಿದೊಡನೆ ಮದುವೆಯ ಬಟ್ಟೆ ಬಿಚ್ಚಿಟ್ಟು, ಕಂದು ಅಂಗಿಯಲ್ಲಿ ಅವಳ ಕಣ್ಣೆದುರೇ ಉಂಡು ಹೋಗುತ್ತಿದ್ದ. ಬಟ್ಟೆ ಹೊಲಿಯುವವಳಾಗಿಯೂ ಬಟ್ಟೆ ಬದಲಾಗಿದ್ದು ಅವಳಿಗೆ ತಿಳಿದಿರಲಿಲ್ಲ.

ಅವಳಿಗೆ ಸಂತೋಷವಾಗಬೇಕಿತ್ತು, ಭಯವಾಯಿತು. ಹಕ್ಕಿ ಸಿಕ್ಕಿತೆಂದರೆ ಅವನು ಇನ್ನು ಯಾಕೆ ಬರುತ್ತಾನೆ?

ಗೇಟಿನ ಸದ್ದಾಯಿತು. ಅವಳು ಅವನ ಕುರ್ಚಿಯನ್ನು ಸರಕ್ಕನೆ ತಟ್ಟೆಗೆ ಬೆನ್ನು ಬರುವಂತೆ ತಿರುಗಿಸಿದಳು. "ಇವತ್ತಿಂದ ಬೇಲಿ ಕಡೆ ನೋಡೋಣ" ಎಂದಳು.

ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ, ಅವಳ ಜೊತೆಗೇ ಇರುವ ಚಿಕ್ಕಮ್ಮ, ಅವನು ಹೋದ ಮೇಲೆ ಹೇಳಿದಳು: "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವೇನೇ?"

ದಿನಕ್ಕಿಷ್ಟರಂತೆ ಮದುಮಗ ಕೆಂಪಾಗುತ್ತಾ ಬಂದ. ಅವಳ ನಿದ್ದೆ ಕಡಿಮೆಯಾಗುತ್ತಾ ಬಂತು.

ಕೊನೆಗೊಂದು ದಿನ ಅವನೇ ಬೇಲಿಯತ್ತ ನೋಡುತ್ತಾ ಮಾತು ತೆಗೆದ. "ಮುಂದಿನ ವಾರ ಮನೆ ಖಾಲಿ ಮಾಡ್ತೀನಿ. ಬೇರೆ ಊರಿನ ಲ್ಯಾಬ್‌ನೋರು ಕರೀತಿದ್ದಾರೆ. ಸಾಹೇಬರಿಗೂ ಒಂದು ಅಂಗಳ ಬೇಕಲ್ಲ, ಎಷ್ಟು ದಿನ ಅಂತ ಕೂಡಿಹಾಕೋದು? ನಿಮ್ಮ ಹಕ್ಕೀನಂತೂ ಹುಡುಕಿಕೊಡೋಕೆ ಆಗಲಿಲ್ಲ."

ಅವಳ ಕೈಯಲ್ಲಿದ್ದ ನವಣೆ ನೆಲಕ್ಕೆ ಚೆಲ್ಲಿತು.

"ಹಿಂದೆ ತಿರುಗಿ ನೋಡಿ."

ತಟ್ಟೆಯ ನಡುವೆ ಮದುಮಗ ಕೂತಿದ್ದ, ನಖಶಿಖಾಂತ ಕೆಂಪಗೆ.

"ಯಾವಾಗ ಬಂತು?"

"ಹೋಗೇ ಇರಲಿಲ್ಲ. ನನಗೆ ಗೊತ್ತಾಗಿ ತುಂಬ ದಿನ ಆಯ್ತು. ಹೇಳಲಿಲ್ಲ." ಅವಳು ಅವನ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಹೇಳಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ. ನನಗೆ ನೀವು ಬರಬೇಕು. ದಿನಾ ಬರಬೇಕು. ಹೋಗಬೇಡಿ."

ಅವನು ಎದ್ದು ಗೇಟು ದಾಟಿ ಹೋದ. ಸ್ವಲ್ಪ ಹೊತ್ತಿಗೆ ಬೆಕ್ಕನ್ನು ಎತ್ತಿಕೊಂಡು ಬಂದು, ಅದರ ಮೇಲ್ದುಟಿಯನ್ನು ಬೆರಳಿಂದ ಮೆಲ್ಲಗೆ ಸರಿಸಿ ತೋರಿಸಿದ. ಬರೀ ವಸಡು. ಹೆಸರಿಗೂ ಒಂದು ಹಲ್ಲಿರಲಿಲ್ಲ.

"ಮುದಿಯಪ್ಪ. ಹಾಲಲ್ಲಿ ನೆನೆಸಿದ ಬ್ರೆಡ್ ಬಿಟ್ರೆ ಏನೂ ತಿನ್ನಲ್ಲ. ಮೆಟ್ಟಿಲು ಇಳಿಯೋಕೇ ಆಗಲ್ಲ, ಗೋಡೆ ಎಲ್ಲಿ ಹತ್ತುತ್ತಾನೆ?"

"ಅಯ್ಯೋ! ಅವತ್ತೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಸಾರಿ ಅಂದು ಒಳಗೆ ಹೋಗ್ತಿದ್ರಿ. ನೀವು ಬಟ್ಟೆ ಒಣಹಾಕೋದನ್ನ ನೋಡ್ತಾ ನೋಡ್ತಾ, ಹೇಗೆ ಮಾತಾಡಿಸೋದು ಅಂತ ತಲೆ ಕೆಡಿಸ್ಕೊಂಡಿದ್ದೆ."

"ಹಾಗಾದ್ರೆ ಸಾಹೇಬರಿಗೆ ಅಂಗಳ ಬೇಕು ಅಂದಿದ್ದು?"

"ಬೇಕಾಗಿದ್ದು ನನಗೆ. ಈ ಅಂಗಳ. ನೀವು ಹಕ್ಕಿ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಇನ್ನು ಕೂತು ಪ್ರಯೋಜನ ಇಲ್ಲ ಅಂದ್ಕೊಂಡೆ."

ಅವಳ ಕಣ್ಣು ತುಂಬಿತು. ಬೆಕ್ಕನ್ನು ಅವನ ಕೈಯಿಂದ ಇಸಿದುಕೊಂಡು ಎದೆಗಾನಿಸಿಕೊಂಡಳು. ಸಾಹೇಬರು ಆಕಳಿಸಿ ನಿದ್ದೆ ಮುಂದುವರಿಸಿದರು.

"ಹಕ್ಕಿ ಸಿಕ್ತಲ್ಲ," ಕಿಟಕಿಯಿಂದ ಚಿಕ್ಕಮ್ಮ ಕೂಗಿದಳು. "ಕಾಫಿ ಆರ್ತಿದೆ, ಬನ್ನಿ ಇಬ್ಬರೂ."

ಒಳಗೆ ಹೋಗುವ ಮುನ್ನ ಅವಳು ಇನ್ನೊಂದು ಕೈಯಿಂದ ಅವನ ಕುರ್ಚಿಯನ್ನು ತಟ್ಟೆಯ ಕಡೆಗೆ ತಿರುಗಿಸಿಟ್ಟಳು.