ಘಾಟಿಯಲ್ಲಿ ನಡುಗಿದ ಕ್ಲಚ್

ನಾನಿವತ್ತು ಬದುಕಿದ್ದರೆ ಅದು ನನ್ನ ಕಾರಿನ ನಡುಕದಿಂದ. ಜಪಾನಿನ ಗುನ್ಮಾದಲ್ಲಿ ಅದಕ್ಕೆ ರೇಸಿಂಗ್ ಕ್ಲಚ್, ಅದರ ಜೊತೆ ಎಂಜಿನ್ನಿಗೆ ಕೂರುವ ಹಗುರವಾದ ಉಕ್ಕಿನ ಚಕ್ರ, ಅಂದರೆ ಫ್ಲೈವೀಲ್, ಹಾಕಿಸಿದ್ದೆ. ಆಮೇಲೆ ಹೊರಡುವಾಗಲೆಲ್ಲ ಗಾಡಿ ಗಡಗಡ ನಡುಗುತ್ತಿತ್ತು.

"ಹಗಿನೋ, ಐನೂರು ಕಿಲೋಮೀಟರ್ ಓಡ್ಸು, ಪಳಗುತ್ತೆ. ನಿನ್ನ ಕಾಲೂ ಸ್ವಲ್ಪ ಪಳಗ್ಲಿ!" ಎಂದು ಮೆಕ್ಯಾನಿಕ್ ಮುರಾಕೊಶಿ ನಕ್ಕಿದ್ದ.

ಮರುದಿನ ಬೆಳಿಗ್ಗೆ ಘಾಟಿಯ ಸಿಗ್ನಲ್ ಹಸಿರಾಯಿತು. ಹೊರಡಲು ಹೋದೆ, ನಡುಕ ಶುರುವಾಯಿತು. ಕ್ಲಚ್ ಪೂರ್ತಿ ಒತ್ತಿದರೂ ನಿಲ್ಲಲಿಲ್ಲ. ಹೆದರಿ ಎಂಜಿನ್ ಆರಿಸಿದೆ. ಆಗಲೂ ಇಡೀ ಕಾರು ನಡುಗುತ್ತಲೇ ಇತ್ತು. ಪಕ್ಕದ ಬಾಟಲಿಯಲ್ಲಿದ್ದ ಚಹಾ ಮಾತ್ರ ಒಂಚೂರೂ ಅಲುಗಲಿಲ್ಲ.

ಅಷ್ಟರಲ್ಲಿ ಎದುರಿನ ತಿರುವಿನ ಮೇಲೆ ಗುಡ್ಡ ಕುಸಿದುಬಿತ್ತು. ನಡುಕ ನಿಂತಿತು. ಸ್ಟೀರಿಂಗಿಗೆ ಹಣೆ ಹಚ್ಚಿ, ಅಳುತ್ತಲೇ ಕೈಮುಗಿದೆ.

ನೇರ ಗ್ಯಾರೇಜಿಗೆ ಬಂದೆ. ಮುರಾಕೊಶಿ ಗೇರ್‌ಬಾಕ್ಸ್ ಇಳಿಸಿ, ಫ್ಲೈವೀಲ್ ಮುಟ್ಟಿದವನೇ ಕೈ ಹಿಂದಕ್ಕೆಳೆದುಕೊಂಡ.

"ಎಲ್ಲಾ ಸರಿಯಾಗೇ ಇದೆಯಲ್ಲೋ ಹಗಿನೋ. ಆದ್ರೆ ಈ ಆಗಸ್ಟ್ ಸೆಕೇಲಿ ಇದ್ಯಾಕೆ ಐಸ್ ಥರ ಕೊರೀತಿದೆ?"