ನೋರೀನಳ ಸರದಿ

ನನ್ನ ಹೆಂಡತಿ ನೋರೀನ್ ದೇವರ ಪಾದ ಸೇರಿದ ಮೂರನೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಬಲ್ಲಾರಟ್‌ನ ನಮ್ಮ ಗ್ಯಾರೇಜಿನಲ್ಲಿ ಹಳೆಯ ಮೀನುಬಲೆ, ದುಪ್ಪಟಿ, ಪ್ಲಾಸ್ಟಿಕ್ ಹುಲ್ಲುಚಾಪೆ, ಚೆಂಡು ಹೋದ ದೂರ ಅಳೆದು ದುಪ್ಪಟಿಯ ಮೇಲೆ ತೋರಿಸುವ ಅಗ್ಗದ ಯಂತ್ರ ಹೊಂದಿಸಿ ಗಾಲ್ಫ್ ಆಡುವಂತೆ ಮಾಡಿಕೊಂಡೆ. ನಲವತ್ತು ವರ್ಷ ಜೊತೆಯಾಗಿ ಆಡಿದ ರೂಢಿಯಲ್ಲಿ ಯಂತ್ರಕ್ಕೆ ಇಬ್ಬರ ಹೆಸರನ್ನೂ ಕೊಟ್ಟುಬಿಟ್ಟಿದ್ದೆ. ನಾನು ಹೊಡೆದೊಡನೆ ದುಪ್ಪಟಿಯ ಮೇಲೆ ‘ನೋರೀನಳ ಸರದಿ’ ಎಂದು ಮೂಡಿ ಆಟ ನಿಂತಿತು. ಆ ಹೆಸರನ್ನು ಅಳಿಸಲು ಕೈ ಬಾರದೆ, ಬಾಗಿಲಿಗೆ ಬೀಗ ಹಾಕಿ, ಅವನಾದರೂ ಅಳಿಸಲಿ ಎಂದು ಪಕ್ಕದ ಮನೆಯ ಕ್ಲೈವ್‌ನನ್ನು ಕರೆತಂದೆ.

“ಅವಳದ್ದೂ ನೀನೇ ಹೊಡ್ದಿದ್ದೀಯಲ್ಲೋ ಮುದುಕಾ, ನೂರಹತ್ತು ಮೀಟರ್! ಈಗ ನಿಂದೇ ಸರದಿ,” ಎಂದು, ನಾನು ಬೀಗ ತೆಗೆದೊಡನೆ ದುಪ್ಪಟಿಯ ಮೇಲಿದ್ದದ್ದನ್ನು ಓದಿ ಅವನು ನಕ್ಕ.

ಮಧ್ಯಾಹ್ನದ ಸೆಕೆಯಲ್ಲೂ ಚೆಂಡು ಮಂಜುಗಡ್ಡೆಯಂತೆ ತಣ್ಣಗಿತ್ತು. ನೋರೀನ್ ಎಡಗೈಯಲ್ಲಿ ಆಡುವವಳು; ನಾನೆಂದೂ ನಿಲ್ಲದ ಅವಳ ಬದಿಯಲ್ಲಿ ಚಾಪೆಯ ಹುಲ್ಲು ಎರಡು ಪಾದಗಳ ಅಚ್ಚಿನಂತೆ ಒತ್ತಿಹೋಗಿತ್ತು.

ಅವಳಿಗೆ ಚಿರಶಾಂತಿ ಕೊಡು ಎಂದು ದಿನವೂ ದೇವರನ್ನು ಬೇಡುತ್ತೇನೆ. ನನ್ನ ಸರದಿಯನ್ನು ಇಂದಿಗೂ ಆಡಿಲ್ಲ. ಆಡಿದರೆ ಅವಳದು ಬರುತ್ತದೆ. ಆದರೂ ಆ ಹುಲ್ಲು ಇನ್ನೂ ಎದ್ದುನಿಂತಿಲ್ಲ.