ಕಾಣೆಯಾದ ನಲವತ್ತೇಳು ಸಾಲು

"ನಾನು ಮಾಡಿಲ್ಲ ಮೇಡಂ! ನನ್ನ ಮಕ್ಕಳಾಣೆ, ನಾನು ಮಾಡಿಲ್ಲ!"

ಶುಕ್ರವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ಮೇಡಂ ಅವರ ಮೇಜಿನ ಮುಂದೆ ದೊಡ್ಡಕ್ಕ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಕೌಂಟರಿನಲ್ಲಿ ತಾರೀಖಿನ ಮುದ್ರೆ ತಿರುಗಿಸುತ್ತಿದ್ದವನು ಅದನ್ನು ಅಲ್ಲೇ ಬಿಟ್ಟು ಓಡಿದೆ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವ ಚಟ ನನಗೆ ಮೊದಲಿಂದ ಇದೆ, ಸುಳ್ಳು ಯಾಕೆ ಹೇಳಲಿ.

ಮೇಡಂ ಮೇಜಿನ ಮೇಲೆ ‘ವಿಚಾರಣೆ’ ಎಂಬ ಫಲಕವಿದೆ. ಯಾವ ಪುಸ್ತಕ ಎಲ್ಲಿದೆ ಎಂದು ಹೇಳುವುದಷ್ಟೇ ಅವರ ಕೆಲಸ. ಆದರೆ ಪುಟ ಹರಿದವರು ಯಾರು, ಕೊಡೆ ಕದ್ದವರು ಯಾರು, ಪ್ರಾಂಶುಪಾಲರ ಕನ್ನಡಕ ಯಾರ ಚೀಲ ಸೇರಿತು, ಎಲ್ಲದಕ್ಕೂ ಜನ ಅಲ್ಲಿಗೇ ಬರುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನು ಅವರ ಜೊತೆಗಿದ್ದೇನೆ. ಅವರು ಯೋಚಿಸುವಾಗ ಬಾಯಿ ಮುಚ್ಚಿಕೊಂಡಿರುವುದೇ ನನ್ನಿಂದಾಗುವ ಸಹಾಯ. ಅದೂ ನನಗೆ ಸರಿಯಾಗಿ ಬರುವುದಿಲ್ಲ.

"ಮೊದಲು ಕೂತ್ಕೊಳ್ಳಿ," ಎಂದರು ಮೇಡಂ. "ನೀರು ಕುಡೀರಿ. ಆಮೇಲೆ ಮೊದಲಿಂದ ಹೇಳಿ."

ದೊಡ್ಡಕ್ಕ ನಮ್ಮ ಕಾಲೇಜಿನ ಗ್ರಂಥಾಲಯ ತರಗತಿಯ ವಿದ್ಯಾರ್ಥಿನಿ. ವಯಸ್ಸು ನಲವತ್ತೆರಡು, ಇಬ್ಬರು ಹೆಣ್ಣುಮಕ್ಕಳ ತಾಯಿ. ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರಾದ್ದರಿಂದ ಆ ಹೆಸರು ಬಂತು. ಇಲ್ಲಿ ಸೇರುವ ತನಕ ಆಕೆ ಕಂಪ್ಯೂಟರ್ ಮೌಸ್ ಮುಟ್ಟಿದವಳಲ್ಲ. ಮೊದಲ ವಾರ ಬಾಣದ ಗುರುತು ಸ್ಕ್ರೀನಿನಲ್ಲಿ ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಕಳೆದಳು. ಈಗ ನೋಡಿದರೆ, ಬೇರೆಯವರು ಬರೆದ ಸಾಲಿನ ಪಕ್ಕ ಟಿಪ್ಪಣಿ ಹಾಕಿ "ಇದೇ ಲೇಖಕರ ಇನ್ನೊಂದು ಪುಸ್ತಕ ಎರಡನೇ ಕಪಾಟಿನಲ್ಲಿದೆ, ನೋಡಿ" ಎಂದು ತಿದ್ದುವಷ್ಟು ಬೆಳೆದಿದ್ದಳು. ನನಗಂತೂ ಅವಳ ಮೇಲೆ ತುಂಬ ಅಭಿಮಾನ.

ಈ ವರ್ಷದ ತರಗತಿಗೆ ಒಂದು ದೊಡ್ಡ ಕೆಲಸ ಕೊಟ್ಟಿದ್ದರು. ಹಿರಿಯ ವೈದ್ಯರೊಬ್ಬರು ಕಾಲೇಜಿಗೆ ದಾನ ಮಾಡಿದ ಒಂಬೈನೂರ ಹನ್ನೆರಡು ಪುಸ್ತಕಗಳಿಗೆ ಎಲ್ಲರೂ ಸೇರಿ ಆನ್‌ಲೈನಿನಲ್ಲಿ ಒಂದೇ ಪಟ್ಟಿ ಮಾಡಬೇಕು. ಒಂದು ಪುಸ್ತಕಕ್ಕೆ ಒಂದು ಸಾಲು. ಯಾರು ಎಲ್ಲಿ ಕೂತು ಬರೆದರೂ ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಬೇರೆ ಪ್ರತಿ ಇಲ್ಲ, ಕಾಗದದ ಮೇಲೆ ಅಚ್ಚು ಹಾಕಿದ್ದೂ ಇಲ್ಲ. ಈ ಕೆಲಸಕ್ಕೆಂದೇ ಗ್ರಂಥಾಲಯದ ಸೂಚಿ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದಾರೆ.

"ನಿನ್ನೆ ಮಧ್ಯಾಹ್ನ ನನ್ನ ಹೆಸರಲ್ಲಿ ಯಾರೋ ಸಾಲುಗಳನ್ನ ಅಳಿಸಿಬಿಟ್ಟಿದ್ದಾರೆ ಮೇಡಂ. ಮೇಷ್ಟ್ರು ನನ್ನ ಮಾತೇ ನಂಬ್ತಿಲ್ಲ. ಸೋಮವಾರ ಶಾಲೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಇವತ್ತು ನಾಲ್ಕು ಗಂಟೆಯೊಳಗೆ ಅವರ ಶಿಫಾರಸು ಪತ್ರ ಹೋಗಬೇಕು. ಸಹಿ ಹಾಕಲ್ಲ ಅಂದುಬಿಟ್ರು."

ಅಷ್ಟರಲ್ಲಿ ಮೇಷ್ಟ್ರೇ ಬಂದರು. ಸೂಚೀಕರಣ, ಅಂದರೆ ಪುಸ್ತಕಗಳ ಪಟ್ಟಿ ಮಾಡುವುದನ್ನು, ಕಲಿಸುವುದರಲ್ಲಿ ನಲವತ್ತು ವರ್ಷ ಸವೆಸಿದವರು, ದಪ್ಪ ಕನ್ನಡಕ, ಇನ್ನೂ ದಪ್ಪ ಸ್ವಾಭಿಮಾನ. ಅನ್ಯಾಯ ಮಾಡುವವರಲ್ಲ, ಆದರೆ ಒಮ್ಮೆ ಅಂದುಕೊಂಡರೆ ಮುಗಿಯಿತು.

"ಅಳಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಮಾಡಿಲ್ಲ ಅಂತ ಸಾಧಿಸ್ತಾರಲ್ಲ, ಅದು ತಪ್ಪು," ಎಂದರು. "ಇದಕ್ಕೇ ನಾನು ಆ ಆನ್‌ಲೈನ್ ಪಟ್ಟಿಗೆ ಕೈ ಹಾಕಲ್ಲ ಅನ್ನೋದು. ನನಗೆ ಅದರಲ್ಲಿ ಲಾಗಿನ್ನೂ ಇಲ್ಲ, ಬೇಕಾಗೂ ಇಲ್ಲ."

"ನಾಲ್ಕು ಗಂಟೆವರೆಗೆ ಸಮಯ ಇದೆಯಲ್ಲ ಸರ್," ಎಂದರು ಮೇಡಂ. "ಮೂರಕ್ಕೆ ಸೂಚಿ ಕೋಣೆಗೆ ಬನ್ನಿ. ಅಲ್ಲಿಯವರೆಗೆ ಪೆನ್ನು ಜೇಬಲ್ಲೇ ಇರಲಿ."

ನಾವು ಮೊದಲು ಹುಡುಕಿದ್ದು ತಂಡದ ನಾಯಕಿಯನ್ನು. ಯಾರು ಪಾಸ್‌ವರ್ಡ್ ಮರೆತರೂ ನೆನಪಿಸುವ ಹುಡುಗಿಯಾದ್ದರಿಂದ ಅವಳಿಗೆ ‘ಪಾಸ್‌ವರ್ಡ್’ ಎಂದೇ ಹೆಸರು. ಜಾಣೆ, ಆದರೆ ಬಾಯಿ ಸ್ವಲ್ಪ ಜಾಸ್ತಿ. ದೊಡ್ಡಕ್ಕನ ನಿಧಾನ ಕಂಡು ಹಲವು ಸಲ ರೇಗಿದ್ದನ್ನು ನಾನೇ ನೋಡಿದ್ದೆ. ಮನಸ್ಸಿನಲ್ಲೇ ಅವಳ ಹೆಸರಿಗೆ ಒಂದು ಗುರುತು ಹಾಕಿಕೊಂಡೆ.

"ಸಾಲುಗಳು ಈಗ ವಾಪಸ್ ಬಂದಿವೆ ಮೇಡಂ. ಬೆಳಿಗ್ಗೆ ನೋಡಿದ ತಕ್ಷಣ ಹಳೇ ರೂಪಕ್ಕೆ ತಂದೆ," ಎಂದಳು. "ಯಾರು ಏನು ಬದಲಾಯಿಸಿದ್ರು ಅನ್ನೋದೆಲ್ಲ ಇದರಲ್ಲಿ ಉಳಿದಿರುತ್ತೆ. ನೋಡಿ, ದೊಡ್ಡಕ್ಕನ ಹೆಸರು. ಒಂದು ಐವತ್ತೆರಡರಿಂದ ಎರಡು ಮೂವತ್ತೊಂದರವರೆಗೆ."

"ಎಲ್ಲಾ ಒಂದೇ ಸಲ ಹೋದವಾ?"

"ಇಲ್ಲ. ಒಂದೊಂದಾಗಿ. ಒಂದು ಅಳಿಸೋದು, ಮುಕ್ಕಾಲು ನಿಮಿಷ ಬಿಟ್ಟು ಇನ್ನೊಂದು. ಒಟ್ಟು ನಲವತ್ತೇಳು."

"ಮೇಷ್ಟ್ರಿಗೆ ಇದನ್ನೆಲ್ಲ ತೋರಿಸಿದ್ಯಾ?"

"ದೊಡ್ಡಕ್ಕ ಸಾಲು ಅಳಿಸಿದ್ದಾರೆ ಅಂತ ಹೇಳ್ದೆ. ಅಷ್ಟಕ್ಕೇ ಸಿಟ್ಟಾದ್ರು. ಎಷ್ಟು, ಯಾವಾಗ ಅಂತ ಕೇಳಲೇ ಇಲ್ಲ." ಆಮೇಲೆ ಏನೋ ನೆನಪಾದಂತೆ ಮುಖ ಸಿಂಡರಿಸಿದಳು. "ಇನ್ನೊಂದು ಮೇಡಂ, ಸೂಚಿ ಕೋಣೆ ಕಂಪ್ಯೂಟರಲ್ಲಿ ಯಾರೋ ಅಕ್ಷರಾನ ಕುಂಬಳಕಾಯಿ ಗಾತ್ರಕ್ಕೆ ಏರಿಸಿಟ್ಟಿದ್ರು. ಬೆಳಿಗ್ಗೆ ಅದನ್ನ ಸರಿ ಮಾಡೋದೇ ಒಂದು ಕೆಲಸ ಆಯ್ತು."

ಮೇಡಂ ದೊಡ್ಡಕ್ಕನನ್ನು ಅದೇ ಕಂಪ್ಯೂಟರಿನ ಮುಂದೆ ಕೂರಿಸಿದರು. ಒಂದು ಹಳೆಯ ಪುಸ್ತಕದ ಬೆನ್ನಿನ ಮೇಲಿನ ಇರುವೆಯಂಥ ಅಕ್ಷರ ಓದಲು ಹೇಳಿದರು. ಆಕೆ ಕನ್ನಡಕವಿಲ್ಲದೆ ಪಟಪಟ ಓದಿದಳು.

"ನಿನ್ನೆ ಇಲ್ಲಿಂದ ಎಷ್ಟು ಹೊತ್ತಿಗೆ ಎದ್ದು ಹೋದ್ರಿ?"

"ಒಂದೂವರೆಗೆ. ಚಿಕ್ಕವಳನ್ನ ಶಾಲೆಯಿಂದ ಕರ್ಕೊಂಡು ಬರೋಕೆ ಹೋದೆ. ಕಂಪ್ಯೂಟರ್ ಆರಿಸಿಯೇ ಹೋದೆ ಮೇಡಂ."

"ಹೇಗೆ ಆರಿಸಿದ್ರಿ, ತೋರಿಸಿ."

ದೊಡ್ಡಕ್ಕ ಕೈ ಚಾಚಿ ಸ್ಕ್ರೀನಿನ ಅಂಚಿನಲ್ಲಿದ್ದ ಗುಂಡಿ ಒತ್ತಿದಳು. ಸ್ಕ್ರೀನು ಕಪ್ಪಾಯಿತು. ಮೇಜಿನ ಕೆಳಗೆ ಯಂತ್ರ ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಮೇಡಂ ಬಗ್ಗಿ ಅದೇ ಗುಂಡಿ ಮತ್ತೆ ಒತ್ತಿದರು. ಪಟ್ಟಿ ಹಾಗೇ ತೆರೆದುಕೊಂಡಿತ್ತು, ಮೂಲೆಯಲ್ಲಿ ದೊಡ್ಡಕ್ಕನ ಹೆಸರಿನ ಸಮೇತ.

"ಅಯ್ಯೋ!" ಎಂದು ಆಕೆ ಹಣೆ ಚಚ್ಚಿಕೊಂಡಳು. "ಮನೇಲಿ ಟಿವಿ ಆರಿಸಿದ ಹಾಗೆ ಆರಿಸಿಬಿಟ್ಟಿದ್ದೀನಲ್ಲ!"

"ಹಾಗಾದ್ರೆ ಯಾರು ಬೇಕಾದ್ರೂ ಬಂದು ಕೂರಬಹುದಿತ್ತು," ಎಂದೆ ನಾನು.

"ಹೌದು. ಈಗ ಆ ನಲವತ್ತೇಳು ಯಾವುವು ಅಂತ ನೋಡೋಣ."

ಹೆಸರುಗಳನ್ನು ಬರೆದುಕೊಂಡು ಕಪಾಟು ನೋಡಿದರೆ, ಅವುಗಳಲ್ಲಿ ಒಂದೂ ಅಲ್ಲಿರಲಿಲ್ಲ! ಕಳ್ಳತನವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಹಿಂದಿನ ಕೋಣೆಯತ್ತ ಹೊರಟಿದ್ದರು. ಅಂಟಿನ ವಾಸನೆಯ ಆ ಕೋಣೆಯಲ್ಲಿ ಬೈಂಡರ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ ರಟ್ಟು ಕತ್ತರಿಸುತ್ತಿದ್ದ. ಪಕ್ಕದಲ್ಲಿ ವೈದ್ಯರ ಪುಸ್ತಕಗಳ ರಾಶಿ. ಗೋಡೆಯ ಮೇಲೆ ಬೈಂಡಿಂಗಿಗೆ ಕಳಿಸಿದ ಪುಸ್ತಕಗಳ ಪಟ್ಟಿ, ಮೇಷ್ಟ್ರ ಕೈಬರಹದ್ದು, ದೊಡ್ಡ ಗಾತ್ರದ ಪುಸ್ತಕ ಮೊದಲು, ಚಿಕ್ಕದು ಕೊನೆಗೆ. ರಟ್ಟು ಕತ್ತರಿಸಲು ಹಾಗೆ ಅನುಕೂಲವಂತೆ.

"ಎಷ್ಟು ಪುಸ್ತಕ ಇವೆ?" ಎಂದು ಮೇಡಂ ಕೇಳಿದರು.

"ನಲವತ್ತೆಂಟು. ಎರಡು ಸಲ ಎಣಿಸಿದ್ದೀನಿ."

ಗೋಡೆಯ ಪಟ್ಟಿಯಲ್ಲಿ ನಲವತ್ತೇಳೇ ಹೆಸರಿದ್ದವು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. "ಬೈಂಡರನದೇ ಕೆಲಸ ಮೇಡಂ! ಕಂಪ್ಯೂಟರ್ ಬಂದು ತನ್ನ ಹೊಟ್ಟೆ ಮೇಲೆ ಹೊಡೀತು ಅಂತ ದಿನಾ ಗೊಣಗ್ತಾನೆ. ಕನ್ನಡಕ ಇದೆ, ಪಟ್ಟಿ ಇದೆ, ಪುಸ್ತಕ ಇದೆ. ಇನ್ನೇನು ಬೇಕು?"

"ನಿನ್ನೆ ಮಧ್ಯಾಹ್ನ ಕೌಂಟರಿಗೆ ಯಾರು ಬಂದಿದ್ರಪ್ಪಾ?" ಎಂದರು ಅವರು, ನನ್ನ ಮಾತು ಕಿವಿಗೇ ಬಿದ್ದಿಲ್ಲವೆಂಬಂತೆ.

"ನಾಕಾರು ಹುಡುಗರು. ಆಮೇಲೆ ಐದು ಗಂಟೆ ಹೊತ್ತಿಗೆ ಮೇಷ್ಟ್ರು. ವೈದ್ಯರ ದೊಡ್ಡ ಭೂಪಟದ ಪುಸ್ತಕ ಕಪಾಟಲ್ಲಿಲ್ಲ, ಯಾರಾದ್ರೂ ತಗೊಂಡ್ರಾ ಅಂತ ಕೇಳಿದ್ರು. ಇಲ್ಲ ಅಂದೆ."

"ಇಲ್ಲ ಅನ್ನೋದು ನಿಜಾನಾ?"

"ತಗೊಂಡಿಲ್ಲ ಅನ್ನೋದು ನಿಜ," ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಸುಮ್ಮನೆ ನಕ್ಕು ಹೋದರು. ನನಗೆ ಅವತ್ತು ಊಟ ಸೇರಲಿಲ್ಲ.

ಮೂರು ಗಂಟೆಗೆ ಸೂಚಿ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮೇಷ್ಟ್ರು ಕುರ್ಚಿಯಲ್ಲಿ, ಪಾಸ್‌ವರ್ಡ್ ಕಂಪ್ಯೂಟರಿನ ಬಳಿ, ಬೈಂಡರ್ ಬಾಗಿಲಲ್ಲಿ. ದೊಡ್ಡಕ್ಕ ಗೋಡೆಗೊರಗಿ ಸೆರಗಿನ ತುದಿ ಹಿಂಡುತ್ತಿದ್ದಳು.

"ಹಾಳು ಮಾಡಬೇಕು ಅಂದುಕೊಂಡವರು ಒಂದೇ ಏಟಿಗೆ ಪೂರ್ತಿ ಪಟ್ಟಿ ಅಳಿಸ್ತಾರೆ," ಎಂದು ಮೇಡಂ ಶುರುಮಾಡಿದರು. "ಇಲ್ಲಿ ಯಾರೋ ಮೂವತ್ತೊಂಬತ್ತು ನಿಮಿಷ ಕೂತು, ಹುಡುಕಿ ಹುಡುಕಿ, ಬೈಂಡಿಂಗಿಗೆ ಹೋದ ಪುಸ್ತಕಗಳ ಸಾಲು ಮಾತ್ರ ತೆಗೆದಿದ್ದಾರೆ. ಅಂದ್ರೆ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ. ಯಾವುವು ಬೈಂಡಿಂಗಿಗೆ ಹೋಗಿವೆ ಅಂತ ದೊಡ್ಡಕ್ಕನಿಗೆ ಗೊತ್ತಿರಲಿಲ್ಲ, ಪಾಸ್‌ವರ್ಡಿಗೂ ಗೊತ್ತಿರಲಿಲ್ಲ. ಅಕ್ಷರ ದೊಡ್ಡದು ಮಾಡ್ಕೊಳ್ಳೋ ಅಗತ್ಯವೂ ಇವರಿಬ್ಬರಿಗಿಲ್ಲ."

ಬೈಂಡರ್ ಕನ್ನಡಕ ಮೇಲೇರಿಸಿ ನನ್ನನ್ನು ಗುರಾಯಿಸಿದ. ನಾನು ಹೇಳಿದ್ದು ಅವನಿಗೆ ಹೇಗೋ ತಿಳಿದಿತ್ತು.

"ಸಾಲುಗಳು ಹೋದ ಕ್ರಮ ನೋಡಿದೆ. ಗೋಡೆಯ ಪಟ್ಟಿಯಲ್ಲಿರೋ ಕ್ರಮವೇ, ದೊಡ್ಡದರಿಂದ ಚಿಕ್ಕದಕ್ಕೆ. ಆ ಪಟ್ಟಿಗೆ ಎರಡು ಪ್ರತಿ. ಒಂದು ಬೈಂಡರ್ ಹತ್ತಿರ, ಇನ್ನೊಂದು ಬರೆದವರ ಹತ್ತಿರ. ಆದರೆ ಬೈಂಡರ್ ಕೋಣೆಯಲ್ಲಿ ನಲವತ್ತೆಂಟು ಪುಸ್ತಕ ಇವೆ. ಅವನೇ ಅಳಿಸಿದ್ದರೆ ನಲವತ್ತೆಂಟು ಸಾಲು ಹೋಗ್ತಿತ್ತು. ಆ ನಲವತ್ತೆಂಟನೇದು ಏನಪ್ಪಾ?"

ಕೊನೆಯ ಪ್ರಶ್ನೆ ನನಗೆ.

"ಭೂಪಟದ ಪುಸ್ತಕ," ಎಂದೆ. "ಬುಧವಾರ ನನ್ನ ಕೈಜಾರಿ ಬಿತ್ತು. ಬೆನ್ನು ಮುರೀತು. ಯಾರಿಗೂ ಗೊತ್ತಾಗೋದು ಬೇಡ ಅಂತ ಬೈಂಡರಿಗೆ ಕೊಟ್ಟೆ. ತಪ್ಪಾಯ್ತು."

"ಆಯ್ತು, ನಿನ್ನ ವಿಚಾರಣೆ ಆಮೇಲೆ," ಎಂದು ಮೇಡಂ ಮೇಷ್ಟ್ರ ಕಡೆ ತಿರುಗಿದರು. ಅವರ ದನಿ ಮೆದುವಾಯಿತು. "ಸರ್, ನಿನ್ನೆ ಐದು ಗಂಟೆಗೆ ಆ ಪುಸ್ತಕ ಇಲ್ಲ ಅಂತ ನೀವು ಕೇಳಿದ್ರಿ. ಪುಸ್ತಕಗಳ ಪಟ್ಟಿ ಇರೋದು ಆನ್‌ಲೈನಲ್ಲಿ ಮಾತ್ರ. ನಿಮಗೆ ಲಾಗಿನ್ ಇಲ್ಲ. ಒಂಬೈನೂರು ಪುಸ್ತಕದಲ್ಲಿ ಅದೊಂದೇ ಕಪಾಟಲ್ಲಿಲ್ಲ ಅಂತ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಕಂಪ್ಯೂಟರಿನ ಕಡೆ ನೋಡಿದರು.

"ಇಲ್ಲೇ ನೋಡಿದೆ," ಎಂದರು ಮೇಷ್ಟ್ರು ನಿಧಾನವಾಗಿ. "ಗುಂಡಿ ಒತ್ತಿದೆ, ಪಟ್ಟಿ ಬಂತು. ಮೊದಲೆಲ್ಲ ಒಂದು ಪುಸ್ತಕಕ್ಕೆ ಒಂದು ಕಾರ್ಡ್ ಇರ್ತಿತ್ತು. ಬೈಂಡಿಂಗಿಗೆ ಹೋದ ಪುಸ್ತಕಗಳ ಕಾರ್ಡನ್ನ ಡ್ರಾಯರಿಂದ ತೆಗೆದಿಟ್ಟು, ಉಳಿದ ಕಾರ್ಡಿಗೆ ಕಪಾಟು ತಾಳೆ ನೋಡೋದು ನಮ್ಮ ಪದ್ಧತಿ. ನಲವತ್ತು ವರ್ಷದಿಂದ ಹಾಗೇ ಮಾಡಿದ್ದೀನಿ. ನಿನ್ನೆಯೂ ಹಾಗೇ ಆ ಸಾಲುಗಳನ್ನ ತೆಗೆದು..." ಅವರು ತಟ್ಟನೆ ಪಾಸ್‌ವರ್ಡ್ ಕಡೆ ತಿರುಗಿದರು. "ಆದ್ರೆ ನಾನು ಸೇವ್ ಒತ್ತಲಿಲ್ಲವಲ್ಲ! ಸೇವ್ ಒತ್ತದಿದ್ರೆ ಮೊದಲಿನ ಹಾಗೇ ಇರುತ್ತೆ ತಾನೆ? ಅದು ಈ ಕಂಪ್ಯೂಟರಲ್ಲಿರೋ ಪ್ರತಿ ತಾನೆ?"

"ಇದರಲ್ಲಿ ಸೇವ್ ಅಂತ ಇಲ್ಲ ಸರ್," ಎಂದಳು ಪಾಸ್‌ವರ್ಡ್. ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ಮಾಡಿದ್ದು ಆ ಕ್ಷಣವೇ ಎಲ್ಲರದ್ದರಲ್ಲೂ ಆಗಿಬಿಡುತ್ತೆ. ನಾನೂ ಬೆಳಿಗ್ಗೆ ಹೆಸರು ನೋಡಿ ಬಾಯಿಗೆ ಬಂದಿದ್ದು ಅಂದುಬಿಟ್ಟೆ. ದೊಡ್ಡಕ್ಕಾ, ತಪ್ಪಾಯ್ತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಬೆಳಿಗ್ಗೆ ಎಷ್ಟು ಸಾಲು ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ನಲವತ್ತೇಳು ಅಂದ ಕೂಡಲೇ ನನಗೆ ಹೊಳೀತಿತ್ತು. ಕೇಳಲೇ ಇಲ್ಲ ನಾನು." ಎದ್ದು ದೊಡ್ಡಕ್ಕನ ಮುಂದೆ ನಿಂತರು. "ನಿಮ್ಮನ್ನ ಸುಳ್ಳಿ ಅಂದೆ. ದಯವಿಟ್ಟು ಕ್ಷಮಿಸಿಬಿಡಿ."

"ಅಯ್ಯೋ, ಬಿಡಿ ಸರ್," ಎಂದಳು ಆಕೆ. ಆದರೆ ಮುಖ ಇನ್ನೂ ಅರಳಿರಲಿಲ್ಲ. "ಆದ್ರೂ ಅಲ್ಲಿ ನನ್ನ ಹೆಸರೇ ಇರುತ್ತಲ್ಲ ಸರ್. ಮುಂದೆ ಯಾರು ತೆಗೆದು ನೋಡಿದ್ರೂ ದೊಡ್ಡಕ್ಕ ಅಳಿಸಿದ್ದು ಅಂತಲೇ ಇರುತ್ತೆ."

ಮೇಷ್ಟ್ರು ಕ್ಷಣ ಯೋಚಿಸಿ ಪಾಸ್‌ವರ್ಡ್ ಕಡೆ ನೋಡಿದರು. "ನನಗೊಂದು ಲಾಗಿನ್ ಮಾಡಿಕೊಡಮ್ಮ. ಈಗಲೇ."

ಗಡಿಯಾರದಲ್ಲಿ ಮೂರೂಕಾಲು. ಮೇಷ್ಟ್ರು ಕುಳಿತರು, ದೊಡ್ಡಕ್ಕ ಪಕ್ಕದಲ್ಲಿ ನಿಂತಳು. "ಸಾಲಿನ ಮೇಲೆ ಒತ್ತಿ ಸರ್. ಅಲ್ಲಲ್ಲ, ಬಲಗಡೆ ಗುಂಡಿ. ಹಾಂ, ಈಗ ಟಿಪ್ಪಣಿ ಅನ್ನೋದನ್ನ ಆರಿಸ್ಕೊಳ್ಳಿ." ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಅವರು ತಮ್ಮ ಪೂರ್ತಿ ಹೆಸರಿನಲ್ಲಿ ಬರೆದರು: "ಗುರುವಾರ ಈ ನಲವತ್ತೇಳು ಸಾಲುಗಳನ್ನು ತೆಗೆದವನು ನಾನು. ದೊಡ್ಡಕ್ಕನ ತಪ್ಪು ಇದರಲ್ಲಿಲ್ಲ." ತರಗತಿಯ ಹುಡುಗರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಅದನ್ನು ನೋಡಿರಬೇಕು, ಎರಡೇ ನಿಮಿಷದಲ್ಲಿ ಅದರ ಕೆಳಗೆ ಹನ್ನೊಂದು ಜನ ನಮಸ್ಕಾರದ ಗುರುತು ಹಾಕಿದರು.

"ಇಷ್ಟೊಂದು ಜನ ಓದ್ತಿದ್ದಾರಾ!" ಎಂದು ಮೇಷ್ಟ್ರು ಬೆಚ್ಚಿದರು. ನಾವೆಲ್ಲ ಗೊಳ್ಳೆಂದು ನಕ್ಕೆವು, ಅವರೂ ನಕ್ಕರು.

ಶಿಫಾರಸು ಪತ್ರವನ್ನೂ ಅಲ್ಲೇ ಟೈಪ್ ಮಾಡಿದರು. ಯಾರ ಸಹಾಯವನ್ನೂ ಕೇಳಲಿಲ್ಲ, ಮುಂದಿನ ಸಾಲಿಗೆ ಹೋಗುವುದು ಹೇಗೆ ಎಂದು ದೊಡ್ಡಕ್ಕನನ್ನು ಎರಡು ಸಲ ಕೇಳಿದ್ದು ಬಿಟ್ಟರೆ. ಮೂರು ಐವತ್ತಕ್ಕೆ ಅಚ್ಚಾಗಿ ಬಂದ ಹಾಳೆಗೆ ಸಹಿ ಹಾಕಿದರು. ಪಾಸ್‌ವರ್ಡ್ ಅದರ ಫೋಟೋ ತೆಗೆದು ಆಗಲೇ ಶಾಲೆಗೆ ಕಳಿಸಿದಳು, ಹಾಳೆಯನ್ನು ಮೇಷ್ಟ್ರು ದೊಡ್ಡಕ್ಕನ ಕೈಗಿಟ್ಟರು. ನಾನು ಆಕೆಯ ಹೆಗಲ ಮೇಲಿಂದ ಇಣುಕಿದೆ, ಅದೂ ನನ್ನ ಚಟವೇ. ಕೊನೆಯಲ್ಲಿ ಹೀಗಿತ್ತು: "ಹಂಚಿಕೊಂಡು ಕೆಲಸ ಮಾಡುವುದನ್ನು ನಾನು ಈಗ ಇವರಿಂದ ಕಲಿಯುತ್ತಿದ್ದೇನೆ."

ದೊಡ್ಡಕ್ಕ ಅದನ್ನು ಓದಿ, ಮತ್ತೊಮ್ಮೆ ಓದಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿದಳು.

"ಹಲೋ, ಪುಟ್ಟೀ? ಸೋಮವಾರದಿಂದ ಅಮ್ಮ ಕೆಲಸಕ್ಕೆ ಹೋಗ್ತಾಳೆ ಕಣೇ," ಎಂದಳು. "ಇಲ್ಲ, ಅಳ್ತಿಲ್ಲ... ಹೂಂ, ಅಳ್ತಿದ್ದೀನಿ. ಸುಮ್ನೆ, ಖುಷಿಗೆ."